ದವಡೆ ಕಳಚುವುದು ನಮಗೆ, ಹಾವಿಗಲ್ಲ

ಹೋದ ಮಳೆಗಾಲದಲ್ಲಿ ನಮ್ಮ ಹಿತ್ತಲಿನ ಸೌದೆ ರಾಶಿಯ ಪಕ್ಕ ಒಂದು ಕೇರೆಹಾವು ಇಲಿ ನುಂಗುತ್ತಿತ್ತು. ಹಾವಿನ ತಲೆ ನನ್ನ ಎರಡು ಬೆರಳಿನಷ್ಟು ಅಗಲ. ಇಲಿ ಅದಕ್ಕಿಂತ ದಪ್ಪ. ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಬಗ್ಗಿ ನೋಡಿ, "ದವಡೆ ಕಳಚ್ಕೊಂಡು ನುಂಗ್ತದೆ ಸಾರ್, ಆಮೇಲೆ ತಾನೇ ಸೇರಿಸ್ಕೊಳ್ತದೆ" ಅಂದರು. ಟೀವಿಯಲ್ಲೂ ಹೀಗೇ ಹೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ದವಡೆ ಕಳಚುವುದು ಅಂದರೇನು ಅಂತ ನಮ್ಮ ಮಾವನನ್ನು ಕೇಳಬೇಕು. ಮದುವೆ ಮನೆಯಲ್ಲಿ ಊಟ ಮುಗಿಸಿ ಜೋರಾಗಿ ಆಕಳಿಸಿದರು. ತೆರೆದ ಬಾಯಿ ಮುಚ್ಚಲೇ ಇಲ್ಲ. ಡಾಕ್ಟರು ಎರಡು ಹೆಬ್ಬೆರಳು ಬಾಯೊಳಗಿಟ್ಟು, ಕೆಳಕ್ಕೆ ಒತ್ತಿ ಹಿಂದಕ್ಕೆ ತಳ್ಳಿದ ಮೇಲೇ ಅದು ಜಾಗಕ್ಕೆ ಕೂತಿದ್ದು. ಅಲ್ಲಿಯವರೆಗೆ ಎಲೆಅಡಿಕೆ ಕೂಡ ಅಗಿಯುವಂತಿರಲಿಲ್ಲ. ಕೀಲು ತಪ್ಪಿದ ದವಡೆಯಿಂದ ಯಾರೂ ಏನೂ ತಿನ್ನಲಾರರು, ಹಾವೂ ಅಷ್ಟೇ.

ನಿಮ್ಮ ಗದ್ದ ಮುಟ್ಟಿ ನೋಡಿ. ಒಂದೇ ಮೂಳೆ ಅಲ್ವಾ? ಹುಟ್ಟಿದಾಗ ಅದು ಎರಡು ಹೋಳು. ಮೊದಲ ವರ್ಷದಲ್ಲೇ ಬೆಸೆದುಕೊಳ್ಳುತ್ತದೆ. ಹಾವಿನದು ಬೆಸೆಯುವುದೇ ಇಲ್ಲ. ಎಡ ಬಲ ಹೋಳುಗಳ ನಡುವೆ ರಬ್ಬರಿನಂತೆ ಹಿಗ್ಗುವ ನಾರು, ಮೇಲೆ ಹಿಗ್ಗುವ ಚರ್ಮ. ಹಿಂದುಗಡೆ ಇನ್ನೊಂದು ಏರ್ಪಾಡು. ಕೆಳದವಡೆ ನೇರವಾಗಿ ತಲೆಬುರುಡೆಗೆ ತಗುಲಿಕೊಂಡಿಲ್ಲ. ನಡುವೆ ಕ್ವಾಡ್ರೇಟ್ ಎಂಬ ಮೂಳೆಯ ಕಡ್ಡಿಯಿದೆ, ಅದರ ಎರಡೂ ತುದಿ ಆಡುತ್ತವೆ. ನಮ್ಮ ದವಡೆ ಒಂದು ಕೀಲಿನ ಟ್ರಂಕಿನ ಮುಚ್ಚಳ. ಹಾವಿನದು ಎಲ್ಲಿ ಬೇಕಾದರೂ ಮಡಿಸುವ ಟೇಬಲ್ ಲ್ಯಾಂಪು. ಕಡ್ಡಿ ಹೊರಗೆ ವಾಲಿದಷ್ಟೂ ಬಾಯಿ ಅಗಲ. ಒಂದು ಕೀಲೂ ತಪ್ಪುವುದಿಲ್ಲ.

ಬಾಯಿ ಅಗಲವಾದರೆ ಸಾಕೇ? ಒಳಗೆ ತಳ್ಳಲು ಕೈ ಇಲ್ಲ. ನನಗೆ ತುಂಬ ಇಷ್ಟವಾದ ಭಾಗ ಇದು. ಕೇರೆಹಾವಿನ ಬಾಯಲ್ಲಿ ಹಲ್ಲಿನ ಸಾಲು ಆರು. ಕೆಳಗೆ ಎರಡು. ಮೇಲೆ ಅಂಚಿಗೆ ಎರಡು, ಅಂಗುಳದಲ್ಲಿ ಇನ್ನೆರಡು. ಎಲ್ಲವೂ ಗಂಟಲ ಕಡೆಗೇ ಬಾಗಿದ ಸೂಜಿಗಳು. ಬಲಗಡೆಯ ಸಾಲು ಮೇಲೆದ್ದು ಮುಂದೆ ಸರಿದು ಕಚ್ಚಿಕೊಳ್ಳುತ್ತದೆ, ಅಷ್ಟು ಹೊತ್ತು ಎಡಗಡೆಯದು ಬಿಗಿ ಹಿಡಿದಿರುತ್ತದೆ. ಆಮೇಲೆ ಎಡಗಡೆಯ ಸರದಿ. ಬಾವಿಯಿಂದ ನೀರು ಸೇದುವಾಗ ನಮ್ಮ ಕೈಗಳು ಮಾಡುವುದೂ ಇದನ್ನೇ. ಆದರೆ ಬಾವಿಯಲ್ಲಿ ಹಗ್ಗ ನಮ್ಮ ಕಡೆ ಬರುತ್ತದೆ, ಇಲ್ಲಿ ಇಲಿ ಇದ್ದಲ್ಲೇ ಇದೆ. ಹಾಗಾಗಿ ದಿಂಬಿಗೆ ಕವರ್ ಹಾಕುವುದನ್ನು ನೆನೆಯಿರಿ. ಈ ಮೂಲೆ ಒಂದಿಷ್ಟು ಎಳೆ, ಆ ಮೂಲೆ ಒಂದಿಷ್ಟು ಎಳೆ. ಇಲಿ ದಿಂಬು, ಹಾವು ಕವರ್! ಬಾಯಿ ತುಂಬಿದಾಗ ಉಸಿರಾಟಕ್ಕೆ ಶ್ವಾಸನಾಳದ ತುದಿಯನ್ನೇ ಪಪ್ಪಾಯಿ ದಂಟಿನಂತೆ ಮುಂದಕ್ಕೆ ಚಾಚಿಕೊಳ್ಳುತ್ತದೆ. ಇಷ್ಟೆಲ್ಲ ಸಡಿಲದ ನಡುವೆ ಮಿದುಳಿನ ಡಬ್ಬಿ ಮಾತ್ರ ಗಟ್ಟಿ ಮುಚ್ಚಿದ ಮೂಳೆ. ಒದೆಯುವ ಇಲಿಯಿಂದ ಅದಕ್ಕೆ ಕಾಪು.

ಈಗ ಹೇಳಿ, ಈ ಬಾಯಿ ಹಸುವಿನ ಕೆಚ್ಚಲಿಗೆ ಬಾಯಿ ಹಾಕಿ ಹಾಲು ಚೀಪುತ್ತದೆಯೇ? ಕೇರೆಹಾವಿನ ಮೇಲೆ ಹಳ್ಳಿಗಳಲ್ಲಿ ಇಂದಿಗೂ ಈ ಆರೋಪ ಇದೆ. ಚೀಪಲು ಮೆತ್ತನೆ ತುಟಿ ಬೇಕು, ಕೆನ್ನೆ ಬೇಕು. ಎರಡೂ ಇಲ್ಲ. ಆರು ಸಾಲು ಸೂಜಿ ಕೆಚ್ಚಲಿಗೆ ಚುಚ್ಚಿದರೆ ಹಸು ಸುಮ್ನೆ ನಿಂತಿರುತ್ತದೆಯೇ? ನಾಗರಪಂಚಮಿಗೆ ಬುಟ್ಟಿಯಲ್ಲಿ ತಂದ ನಾಗರಹಾವು ಹಾಲು ಕುಡಿಯುವುದು ಭಕ್ತಿಯಿಂದಲ್ಲ. ದಿನಗಟ್ಟಲೆ ನೀರು ಕೊಡದೆ ಇಟ್ಟಿರುತ್ತಾರೆ, ಬಾಯಾರಿದ ಹಾವು ಸಿಕ್ಕಿದ್ದು ಕುಡಿಯುತ್ತದೆ.

ಕ್ವಾಡ್ರೇಟ್ ಕಥೆ ಇನ್ನೂ ಇದೆ. ಅಮರಕೋಶದಲ್ಲಿ ಹಾವಿಗೆ 'ಚಕ್ಷುಶ್ರವ' ಎಂಬ ಹೆಸರುಂಟು, ಅಂದರೆ ಕಣ್ಣಿನಿಂದ ಕೇಳುವುದು. ಹೊರಕಿವಿ ಕಾಣದಿದ್ದಾಗ ಹಾಗೆ ಊಹಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಹಾವು ಕೇಳುವುದಕ್ಕೆ ದವಡೆಯ ನೆರವಿದೆ. ನೆಲದ ನಡುಕ ಕೆಳದವಡೆಗೆ, ಅಲ್ಲಿಂದ ಕ್ವಾಡ್ರೇಟಿಗೆ, ಅಲ್ಲಿಂದ ಒಂದು ಸಣ್ಣ ಮೂಳೆಯ ಮೂಲಕ ಒಳಗಿವಿಗೆ. ಇನ್ನು ನಮ್ಮ ಕ್ವಾಡ್ರೇಟ್ ಎಲ್ಲಿ ಹೋಯಿತು? 1837ರಲ್ಲಿ ಜರ್ಮನಿಯ ಕಾರ್ಲ್ ರೈಖರ್ಟ್ ಹಂದಿಯ ಭ್ರೂಣಗಳನ್ನು ಕೊಯ್ದು ನೋಡಿ ಉತ್ತರ ಕೊಟ್ಟರು. ಸರೀಸೃಪಗಳ ದವಡೆ ಕೀಲಿನ ಎರಡು ಮೂಳೆಗಳೇ ನಮ್ಮಂಥ ಪ್ರಾಣಿಗಳ ಕಿವಿಯಲ್ಲಿ ಸುತ್ತಿಗೆ ಮತ್ತು ಅಡಿಗಲ್ಲು ಮೂಳೆಗಳಾಗಿವೆ. ಅಡಿಗಲ್ಲೇ ಕ್ವಾಡ್ರೇಟ್. ವೇಲ್ಸ್‌ನಲ್ಲಿ ಸಿಕ್ಕ ಮಾರ್ಗನುಕೋಡಾನ್ ಎಂಬ, ಸುಮಾರು 20 ಕೋಟಿ ವರ್ಷ ಹಿಂದಿನ ಸುಂಡಿಲಿಯಷ್ಟು ಪ್ರಾಣಿಯಲ್ಲಿ ಸರೀಸೃಪಗಳ ಹಳೆ ದವಡೆ ಕೀಲು, ನಮ್ಮಂಥವರ ಹೊಸ ಕೀಲು ಎರಡೂ ಅಕ್ಕಪಕ್ಕ ಇದ್ದವು. ಹೊಸ ಮನೆ ಗೃಹಪ್ರವೇಶ ಆಗಿದೆ, ಹಳೆ ಮನೆ ಇನ್ನೂ ಖಾಲಿ ಮಾಡಿಲ್ಲ!

ನಮ್ಮ ಕೇರೆಹಾವು ಬಾಲದ ತುದಿಯವರೆಗೂ ಇಲಿಯನ್ನು ಒಳಗೆ ತೆಗೆದುಕೊಂಡು ಎರಡು ಸಲ ದೊಡ್ಡದಾಗಿ ಆಕಳಿಸಿತು. ಚದುರಿದ್ದ ಮೂಳೆಗಳು ಜಾಗಕ್ಕೆ ಕೂತವು, ಡಾಕ್ಟರ ಹೆಬ್ಬೆರಳು ಬೇಕಾಗಲಿಲ್ಲ. ಆಮೇಲೆ ಗದ್ದವನ್ನು ನೆಲಕ್ಕಿಟ್ಟು ಮಲಗಿತು. ನಾನು ಹತ್ತಿರದಿಂದ ನೋಡೋಣ ಅಂತ ಒಂದು ಹೆಜ್ಜೆ ಇಟ್ಟೆ. ಅಷ್ಟೇ, ಸೌದೆ ರಾಶಿಯೊಳಗೆ ಮಾಯ.