ಲೋಪೆ ದೆ ವೇಗ: ಆರು ಬೀಗ, ಒಂದು ಊರು

ಸ್ಪೇನಿನ ನಾಟಕಕಾರ ಲೋಪೆ (1562–1635) ಎಂದರೆ ಎಲ್ಲರೂ ಮೊದಲು ಎಣಿಕೆಗೆ ಇಳಿಯುತ್ತಾರೆ. 1,800 ನಾಟಕ ಎನ್ನುವುದು ಶಿಷ್ಯ ಮೊಂತಾಲ್ಬಾನ್ ಕೊಟ್ಟ ಲೆಕ್ಕ. ಗುರುಭಕ್ತಿ ಜಾಸ್ತಿಯಾಯಿತು ಅನ್ನಿ. ಅವನವೇ ಎಂದು ವಿದ್ವಾಂಸರು ಒಪ್ಪುವವು ಮುನ್ನೂರರ ಆಸುಪಾಸು ಉಳಿದಿವೆ.

ಓದಲೇಬೇಕಾದದ್ದು 1609ರ ಪದ್ಯ, 'ಈ ಕಾಲದಲ್ಲಿ ನಾಟಕ ಬರೆಯುವ ಹೊಸ ಕಲೆ'. ಬರೆಯಲು ಕೂತಾಗ ನಾಟಕದ ಹಳೆಯ ನಿಯಮಗಳಿಗೆ ಆರು ಬೀಗ ಜಡಿಯುತ್ತೇನೆ, ಹಳೆಯ ರೋಮಿನ ನಾಟಕಕಾರರಾದ ಪ್ಲಾಟಸ್, ಟೆರೆನ್ಸ್ ಕೂಗಾಡದಂತೆ ಅವರನ್ನು ಕೋಣೆಯಿಂದ ಹೊರಗಿಡುತ್ತೇನೆ ಎನ್ನುತ್ತಾನೆ. ಕಾರಣ ಸರಳ: ದುಡ್ಡು ಕೊಡುವವರು ಜನ. ಆ ಜನ ಸೇರುತ್ತಿದ್ದದ್ದು ಮನೆಗಳ ನಡುವಿನ ಅಂಗಳದಲ್ಲಿ, ಹಗಲು ಬೆಳಕಿನಲ್ಲಿ. ಗಂಡಸರ ಗುಂಪು ನಿಂತು ಗಲಾಟೆ ಮಾಡುತ್ತಿತ್ತು. ಹೆಂಗಸರಿಗೆ ಬೇರೆ ಜಾಗ, ಅದಕ್ಕೆ 'ಕಾಸುವೆಲಾ' ಅಂದರೆ ಅಡುಗೆ ಮಡಕೆ ಎಂದು ಹೆಸರು!

ಹಾಗಾಗಿಯೇ ಅವನು ಮೂರು ಅಂಕಗಳ ಕಟ್ಟನ್ನು ಗಟ್ಟಿಮಾಡಿದ, ನಗುವನ್ನೂ ದುರಂತವನ್ನೂ ಬೆರೆಸಿದ. ಕೊನೆಯ ದೃಶ್ಯದವರೆಗೆ ಗಂಟು ಬಿಚ್ಚಬೇಡಿ, ಮುಗಿಯುವುದು ಹೇಗೆಂದು ಗೊತ್ತಾದರೆ ಜನ ಬಾಗಿಲ ಕಡೆ ಮುಖ ಮಾಡುತ್ತಾರೆ ಎಂದು ಎಚ್ಚರಿಸುತ್ತಾನೆ. ಇದು ರಂಗದ ಹಿಂದೆ ನಿಂತು ಕಂಡವನ ಮಾತು. ಒಂದು ವಿಷಯ ಗಮನಿಸಿ: ಮೂರು ಐಕ್ಯಗಳನ್ನೂ (ಒಂದೇ ದಿನ, ಒಂದೇ ಜಾಗ, ಒಂದೇ ಕಥೆ ಎಂಬ ಹಳೆಯ ನಿಯಮ) ಮುರಿದ ಎಂದು ಉತ್ತರ ಬರೆಯಬೇಡಿ. ಕಾಲೈಕ್ಯ, ಸ್ಥಳೈಕ್ಯ ಸಡಿಲವಾದವು. ಕ್ರಿಯೈಕ್ಯವನ್ನು ಅವನು ಬಿಡಲಿಲ್ಲ.

ಇನ್ನು ಅವನ ನಾಟಕ 'ಫ್ವೆಂತೆಯೋವೆಹುನಾ' (ಮುದ್ರಣ 1619). ಅದು ಊರಿನ ಹೆಸರೂ ಹೌದು. 1476ರಲ್ಲಿ ಆ ಊರಿನವರು ದಬ್ಬಾಳಿಕೆಯ ಒಡೆಯನನ್ನು ಕೊಂದ ನಿಜ ಘಟನೆಯೇ ಇದರ ಮೂಲ. ಕೊಂದವರು ಯಾರು ಎಂದು ನ್ಯಾಯಾಧೀಶ ಚಿತ್ರಹಿಂಸೆ ಕೊಟ್ಟರೂ ಮುದುಕ, ಹುಡುಗ, ಹೆಂಗಸು ಎಲ್ಲರದೂ ಊರಿನ ಹೆಸರೊಂದೇ ಉತ್ತರ. ಕೊನೆಗೆ ಹಾಸ್ಯಗಾರ ಮೆಂಗೊನ ಸರದಿ. "ಅಯ್ಯೋ, ಹೇಳ್ತೀನಿ ಸ್ವಾಮಿ" ಅಂತಾನೆ, ನಮ್ಮ ಎದೆ ಧಸಕ್ ಅನ್ನುತ್ತದೆ. ಅವನೂ ಊರಿನ ಹೆಸರನ್ನೇ ಹೇಳುತ್ತಾನೆ, ಮಗುವನ್ನು ಕರೆದಂತೆ ಮುದ್ದಾಗಿ: "ಫ್ವೆಂತೆಯೋವೆಹುನಿಕಾ". ನಗಿಸುವವನ ಬಾಯಲ್ಲೇ ಊರಿನ ಗಟ್ಟಿತನ ಇಟ್ಟದ್ದು ಲೋಪೆಯ ಕೈಚಳಕ.

ಅವನ ದಾರಿಯಲ್ಲೇ ತಿರ್ಸೊ, ಕಾಲ್ದೆರೊನ್ ಎಂಬ ನಾಟಕಕಾರರು ಬಂದರು. ಅದೇ ಬಳಗದ ಗಿಯೆನ್ ದೆ ಕಾಸ್ತ್ರೊನ ನಾಟಕದಿಂದ ಕಾರ್ನೆಯ ಫ್ರೆಂಚ್ ನಾಟಕ 'ಲ ಸಿದ್' ಹುಟ್ಟಿತು. 1930ರ ದಶಕದಲ್ಲಿ ಸ್ಪೇನಿನ ಕವಿ ಲೋರ್ಕಾ ತನ್ನ ನಾಟಕ ತಂಡದೊಂದಿಗೆ 'ಫ್ವೆಂತೆಯೋವೆಹುನಾ'ವನ್ನು ಊರೂರಿಗೆ ಒಯ್ದ. ಇದನ್ನು ಕ್ರಾಂತಿಯ ನಾಟಕ ಎಂದು ಓದುವವರು ಬಹಳ. ಆದರೆ ಕೊನೆಯ ಪುಟ ನೋಡಿ: ಅಪರಾಧ ದೊಡ್ಡದೇ, ಬರಹದ ಸಾಕ್ಷಿ ಸಿಗದ ಕಾರಣ ಕ್ಷಮಿಸಬೇಕಾಗಿದೆ ಎಂದು ರಾಜ ತೀರ್ಪು ಕೊಡುತ್ತಾನೆ, ಊರನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತಾನೆ.