ತ್ರಿಕೋನವೋ, ತ್ರಿಭುಜವೋ?

ಪ್ರಶ್ನೆ: ನಾವು ‘ತ್ರಿಕೋನ’ ಎನ್ನುತ್ತಿದ್ದೆವು. ಮಗಳ ಗಣಿತ ಪುಸ್ತಕದಲ್ಲಿ ‘ತ್ರಿಭುಜ’ ಎಂದಿದೆ. ಎರಡೂ ಒಂದೆಯೇ? ಯಾವುದನ್ನು ಹೇಳಿಕೊಡಲಿ?

ಆಕೃತಿ ಒಂದೇ. ತ್ರಿಭುಜ ಎಂದವರು ಬಾಹುಗಳನ್ನು ಎಣಿಸಿದ್ದಾರೆ, ತ್ರಿಕೋನ ಎಂದವರು ಮೂಲೆಗಳನ್ನು. ಬಹುಭುಜಾಕೃತಿಯಲ್ಲಿ ಒಂದು ಬಾಹು ಮುಗಿದಲ್ಲೇ ಇನ್ನೊಂದು ಶುರು. ಕೊನೆಯದು ಸುತ್ತಿ ಬಂದು ಮೊದಲನೆಯದನ್ನು ಕೂಡಿಕೊಳ್ಳುತ್ತದೆ. ಆದ್ದರಿಂದ ಬಾಹು ಎಷ್ಟೋ ಕೋನವೂ ಅಷ್ಟೇ. ಪುಸ್ತಕದ ಮಾತನ್ನೇ ಹೇಳಿಕೊಡಿ, ಇನ್ನೊಂದೂ ಕಿವಿಗೆ ಬಿದ್ದಿರಲಿ. ಇಂಗ್ಲಿಷಿನದೂ ಇದೇ ಕಥೆ: ಟ್ರಯಾಂಗಲ್, ಪೆಂಟಗನ್ ಕೋನ ಎಣಿಸಿದರೆ ನಡುವಿನ ಕ್ವಾಡ್ರಿಲ್ಯಾಟರಲ್ ಬಾಹು ಎಣಿಸುತ್ತದೆ.

ಮಕ್ಕಳು ಎಡವುವುದು ‘ಭುಜ’ ಎಂಬ ಮಾತಿನಲ್ಲಿ. ನಮಗೆ ಭುಜವೆಂದರೆ ಹೆಗಲು, ಶಾಲೆಯ ಚೀಲ ನೇತುಹಾಕುವ ಜಾಗ. ಗೆರೆಗೆ ಎಲ್ಲಿಯ ಹೆಗಲು? ಸಂಸ್ಕೃತದಲ್ಲಿ ಅದು ತೋಳು. ದಶಭುಜ ಗಣಪತಿಗೆ ಹತ್ತು ಕೈ ಎಂದು ನೆನಪಿಸಿದರೆ ದಶಭುಜಾಕೃತಿಯೂ ಹತ್ತು ಬಾಹುಗಳೊಡನೆ ಬಂದು ನಿಲ್ಲುತ್ತದೆ. ಪಂಚ, ಸಪ್ತ, ಅಷ್ಟ, ನವ ಸಲೀಸು. ಆರರಲ್ಲಿ ಮಾತ್ರ ಒಂದು ತೊಡಕು: ಷಟ್ಪದಿ, ಷಟ್ಕೋನ ಎನ್ನುವಾಗ ಇರುವ ‘ಟ್’ ಷಡ್ಭುಜದಲ್ಲಿ ‘ಡ್’ ಆಗುತ್ತದೆ. ಷಟ್ ಮತ್ತು ಆನನ ಸೇರಿ ಷಡಾನನ ಆದಂತೆಯೇ ಇದೂ ಜಶ್ತ್ವ ಸಂಧಿ. ಗಣಿತದ ಪಾಠದಲ್ಲಿ ವ್ಯಾಕರಣ ನುಸುಳಿದರೆ ನನಗಂತೂ ಖುಷಿ.

ಇಷ್ಟಾದರೂ ಗುಡಿಸಲಿನಂಥ ಚಿತ್ರ ತೋರಿಸಿದರೆ ಎಷ್ಟೋ ಮಕ್ಕಳು ‘ಇದು ಪಂಚಭುಜ ಅಲ್ಲ’ ಎನ್ನುತ್ತಾರೆ. ಪುಸ್ತಕದಲ್ಲಿ ಸಾಮಾನ್ಯವಾಗಿ ಕಾಣುವುದು ಬಾಹುಗಳೂ ಕೋನಗಳೂ ಸಮನಾದ ನಿಯಮಿತ ಪಂಚಭುಜ; ಅದರ ಹೊರತು ಬೇರೆಯದು ಅವರ ಕಣ್ಣಿಗೆ ಒಗ್ಗಿರುವುದಿಲ್ಲ. ಇದಕ್ಕೆ ತಲೆಯ ಮದ್ದನ್ನು ಕೆರೆದು ತೆಗೆದ ಐದು ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬಿನ ಐದು ತುಂಡು ಸಾಕು. ತುಂಡುಗಳೊಳಗೆ ಕಡ್ಡಿ ತೂರಿಸಿ ಸುತ್ತು ಮುಗಿಸಿ, ಮೇಜಿನ ಮೇಲೆ ಮಲಗಿಸಿ. ಮೂರು ಕಡ್ಡಿ ಗೋಡೆ ಮತ್ತು ನೆಲ, ಎರಡು ಕಡ್ಡಿ ಮಾಡು. ಗೋಡೆಗಳು ನೇರವಾಗಿ ನಿಂತರೆ ಒಳಕೋನಗಳು ನೆಲದ ಬಳಿ 90, 90, ಸೂರಿನಲ್ಲಿ 150, 150, ತುದಿಯಲ್ಲಿ 60 ಡಿಗ್ರಿ. ಈಗ ಗೋಡೆ ಅಲುಗದಂತೆ ಹಿಡಿದು, ಮಾಡಿನ ತುದಿಯನ್ನು ಮೇಜಿನಿಂದ ಮೇಲೆತ್ತಿ ಒಳಕ್ಕೆ ಮಗುಚಿ ಮಲಗಿಸಲು ಮಗುವಿಗೇ ಹೇಳಿ. ಗುಡಿಸಲು ಕುಸಿಯಿತು, ಕಡ್ಡಿ ಮಾತ್ರ ಐದೇ. ‘ಒಳಗೆ ಹೋದ ಮೂಲೆಯನ್ನೂ ಎಣಿಸಬೇಕಾ?’ ಎಂದು ಕೇಳಿಯೇ ಕೇಳುತ್ತದೆ. ಎಣಿಸಬೇಕು. ಅಲ್ಲಿನ ಒಳಕೋನ ಈಗ 300 ಡಿಗ್ರಿ, ಸೂರಿನವು 30, 30, ನೆಲದವು ಮೊದಲಿನಂತೆ 90, 90. ಕೂಡಿಸಿ ನೋಡಲಿ: ಆಗಲೂ 540, ಈಗಲೂ 540.