ಅರಮನೆಯ ಸಂಬಳ, ಗ್ರಾಮೊಫೋನಿನ ಪ್ಲೇಟು: ಮೈಸೂರಿನ ಗಾಯಕಿಯರ ಹಿನ್ನೆಲೆ

1928ರ ಆಗಸ್ಟ್ 1ರಂದು ಮೈಸೂರು ಅರಮನೆಯು ಗೌಹರ್ ಜಾನ್ ಅವರನ್ನು ತಿಂಗಳಿಗೆ 500 ರೂಪಾಯಿ ಸಂಬಳದ ಮೇಲೆ ಆಸ್ಥಾನ ಗಾಯಕಿಯಾಗಿ ನೇಮಿಸಿಕೊಂಡಿತು. ದೇಶದುದ್ದಕ್ಕೂ ಗ್ರಾಮೊಫೋನ್ ಪ್ಲೇಟುಗಳ, ಅಂದರೆ ಹಾಡು ಅಚ್ಚಾದ ತಟ್ಟೆಗಳ, ಮೂಲಕ ಮನೆಮಾತಾಗಿದ್ದ ಕಲ್ಕತ್ತದ ಗಾಯಕಿ ಐವತ್ತೈದರ ವಯಸ್ಸಿನಲ್ಲಿ ಇಷ್ಟು ದೂರ ಬಂದು ಸಂಬಳಕ್ಕೆ ನಿಂತದ್ದೇಕೆ ಎಂಬುದು ತಿಳಿಯಬೇಕಾದರೆ, ಅಂದಿನ ಹೆಣ್ಣುಮಕ್ಕಳ ಸಂಗೀತಕ್ಕೆ ಹಣ ಕೊಡುತ್ತಿದ್ದವರು ಯಾರು ಎಂಬುದನ್ನು ಮೊದಲು ನೋಡಬೇಕು.

ಸಂಸಾರಸ್ಥರ ಮನೆಯ ಹುಡುಗಿ ವೀಣೆ ಕಲಿಯಬಹುದಿತ್ತು, ಹಸೆಗೆ ಕರೆಯುವಾಗ ಹಾಡಬಹುದಿತ್ತು. ಆದರೆ ಹಣ ಪಡೆದು ಸಭೆಯಲ್ಲಿ ಹಾಡುವುದು ಮನೆತನಕ್ಕೆ ಕಳಂಕವೆನಿಸುತ್ತಿತ್ತು. ಸಂಗೀತವನ್ನೇ ಕಸುಬಾಗಿಸಿಕೊಂಡವರು ಹೆಚ್ಚಾಗಿ ದೇವದಾಸಿ ಮನೆತನದವರು. ಮೈಸೂರು ಸರ್ಕಾರ 1909ರ ಆದೇಶದಿಂದ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ಕೊನೆಗೊಳಿಸಿತು. ನಂಜನಗೂಡಿನ ಶ್ರೀಕಂಠೇಶ್ವರ ದೇವಸ್ಥಾನದಲ್ಲಿ ಸೇವೆಗಿದ್ದ ಹೆಂಗಸರು ತಮ್ಮ ಹಕ್ಕಿಗಾಗಿ ಸರ್ಕಾರಕ್ಕೆ ಅರ್ಜಿ ಸಲ್ಲಿಸಿದರೂ ಫಲ ಸಿಗಲಿಲ್ಲ. ಸುಧಾರಕರ ಕಣ್ಣಿಗೆ ಅದೊಂದು ಅನಿಷ್ಟ ಪದ್ಧತಿಯಾಗಿ ಕಂಡಿತು, ಮತ್ತು ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಆ ಪದ್ಧತಿಯೊಳಗೆ ತಲೆಮಾರುಗಳಿಂದ ಅಭ್ಯಾಸ ಮಾಡಿ ಗಳಿಸಿದ ವಿದ್ಯೆಯೂ ಅದನ್ನು ನಂಬಿದ ಅನ್ನವೂ ಇದ್ದವು ಎಂಬುದನ್ನು ಅವರು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಂತೆ ತೋರುವುದಿಲ್ಲ.

ಅದೇ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದವರು ಬೆಂಗಳೂರು ನಾಗರತ್ನಮ್ಮ. ಮೈಸೂರಿನಲ್ಲಿ ಗಿರಿಭಟ್ಟರ ತಮ್ಮಯ್ಯನವರ ಬಳಿ ಸಂಸ್ಕೃತ ಕಲಿಯುತ್ತಿದ್ದ ಮಗಳನ್ನು ತಾಯಿ ಪುಟ್ಟಲಕ್ಷ್ಮಿ ಊರು ಬಿಡಿಸಿ ಕರೆದೊಯ್ದರು. ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರಲ್ಲಿ ಸಂಗೀತಪಾಠವಾಯಿತು. ಮುಂದೆ ಮದರಾಸು ಸೇರಿದ ನಾಗರತ್ನಮ್ಮ ಕಚೇರಿಗಳಿಂದಲೇ ಆದಾಯ ತೆರಿಗೆ ಕಟ್ಟುವಷ್ಟು ಸಂಪಾದಿಸಿದರು. ಹಾಗೆ ಗಳಿಸಿದ್ದನ್ನು ಸುರಿದು ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ವಿಚಿತ್ರವೆಂದರೆ, ಗುಡಿ ಕಟ್ಟಿಸಿದವರಿಗೇ ಅಲ್ಲಿನ ಆರಾಧನೆಯಲ್ಲಿ ಹಾಡುವ ಅವಕಾಶವಿರಲಿಲ್ಲ. ಅವರು ಹೆಂಗಸರದ್ದೇ ಪ್ರತ್ಯೇಕ ಆರಾಧನೆ ನಡೆಸತೊಡಗಿದರು. ಬೇರೆಬೇರೆಯಾಗಿ ಆರಾಧನೆ ನಡೆಸುತ್ತಿದ್ದ ಈ ಬಣಗಳು ಒಂದಾಗುವ ಹೊತ್ತಿಗೆ 1940 ಆಗಿತ್ತು.

ದೇವಸ್ಥಾನದ ಬಾಗಿಲು ಮುಚ್ಚುತ್ತಿದ್ದ ಕಾಲದಲ್ಲೇ ಇನ್ನೊಂದು ದಾರಿ ತೆರೆದಿತ್ತು. 1902ರಲ್ಲಿ ಕಲ್ಕತ್ತದ ಹೋಟೆಲೊಂದರ ಕೋಣೆಯಲ್ಲಿ ನಡೆದ ಧ್ವನಿಮುದ್ರಣಕ್ಕೆ ಗೌಹರ್ ಜಾನ್ ಹಾಡಿದರು. ಆಗ ಮೈಕ್ ಇರಲಿಲ್ಲ. ತಗಡಿನ ದೊಡ್ಡ ಕೊಳವೆಯ ಬಾಯಿಗೆ ಮುಖವಿಟ್ಟು ಗಂಟಲೆತ್ತಿ ಹಾಡಬೇಕು. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಸುಮಾರು ಮೂರು ನಿಮಿಷದಲ್ಲಿ ಮುಗಿಸಬೇಕು. ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಬೇಕು, ಏಕೆಂದರೆ ಪ್ಲೇಟು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದ್ದು ಯಾರೆಂದು ಅಲ್ಲಿನವರಿಗೆ ತಿಳಿಯುವ ಬಗೆ ಅದೊಂದೇ. ಮರ್ಯಾದಸ್ಥರ ಮನೆಯ ಗಾಯಕಿಯರು ಹಿಂಜರಿದ ಈ ಕೆಲಸಕ್ಕೆ ಮೊದಲು ಒಪ್ಪಿದವರು ಕಸುಬಿನ ಹಾಡುಗಾರ್ತಿಯರೇ.

ಪ್ಲೇಟು ಹೆಸರು ತಂದಿತು, ಭದ್ರತೆಯನ್ನು ತರಲಿಲ್ಲ. ಕೋರ್ಟು ವ್ಯಾಜ್ಯಗಳಲ್ಲಿ ಆಸ್ತಿ ಕರಗಿಸಿಕೊಂಡ ಗೌಹರ್ ಜಾನ್ ಅವರಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಆಸರೆಯಾಯಿತು. ದಿಲ್‌ಖುಷ್ ಕಾಟೇಜಿನಲ್ಲಿ ಅವರಿಗೆ ಬಿಡಾರ ಕೊಡಲಾಯಿತು. ನೇಮಕವಾಗಿ ಹದಿನೆಂಟು ತಿಂಗಳೂ ತುಂಬಿರಲಿಲ್ಲ, 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು.

ಅದೇ ಆಸ್ಥಾನದ ಕಲಾವಿದೆ ಜಟ್ಟಿ ತಾಯಮ್ಮ ಪೈಲ್ವಾನನೊಬ್ಬನ ಮಗಳು, ಹಾಡಿಕೊಂಡೇ ಅಭಿನಯಿಸುವುದರಲ್ಲಿ ಎತ್ತಿದ ಕೈ. 1906ರಲ್ಲಿ ಲಂಬಾಣಿ ಕುಟುಂಬದಲ್ಲಿ ಹುಟ್ಟಿದ ಕೆ. ವೆಂಕಟಲಕ್ಷಮ್ಮ ಎಂಟನೆಯ ವಯಸ್ಸಿನಲ್ಲಿ ಅವರ ಶಿಷ್ಯೆಯಾದರು, ಮುಂದೆ ಆಸ್ಥಾನ ವಿದುಷಿಯಾದರು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ವಿಭಾಗ ತೆರೆದಾಗ, ತಾಯಮ್ಮನವರ ಮನೆಯಲ್ಲಿ ಕಲಿತ ಪದ-ಜಾವಳಿಗಳನ್ನೇ, ಅಂದರೆ ಅಭಿನಯಕ್ಕೆ ಒದಗುವ ಶೃಂಗಾರದ ಹಾಡುಗಳನ್ನೇ, ಕಲಿಸಲು ಅವರು ಅಲ್ಲಿ ರೀಡರ್ ಹುದ್ದೆಗೆ ಸೇರಿದರು.